ಮೇಲೇರಿದ ಮೇಲೆ ಹುಟ್ಟುವ ಸದ್ದು



ವಿಮಾನದ ಸದ್ದು ಎಂದಕೂಡಲೆ ಬೆಂಗಳೂರಿನವರ ಮನಸ್ಸು ದೇವನಹಳ್ಳಿಯ ಕಡೆಗೆ ಹೋಗುತ್ತದೆ. ಸ್ವಲ್ಪ ಹಳಬರಾದರೆ ಎಚ್‌ಎಎಲ್ ನಿಲ್ದಾಣದ ಪಕ್ಕದ ಬಡಾವಣೆಗಳು ನೆನಪಾಗುತ್ತವೆ. ವಿಮಾನ ಏರುವಾಗ, ಇಳಿಯುವಾಗ ನೆಲದ ಮೇಲಿದ್ದವರಿಗೆ ಕೇಳಿಸುವ ಆ ಸದ್ದಿಗೆ ಕಾನೂನಿದೆ, ಅಳತೆಯಿದೆ, ದೂರು ಕೊಡಲು ಕಚೇರಿಗಳಿವೆ. ಇವತ್ತು ನಾನು ಎತ್ತಿಕೊಂಡಿರುವುದು ಅದನ್ನಲ್ಲ. ಸೀಟ್‌ಬೆಲ್ಟ್ ದೀಪ ಆರಿ, ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಸಮವಾಗಿ ಸಾಗತೊಡಗಿದ ಮೇಲೆ ಒಳಗೆ ಕೂತವರ ಕಿವಿಗೆ ಗಂಟೆಗಟ್ಟಲೆ ಬೀಳುವ ಸದ್ದು ನನ್ನ ವಿಷಯ. ವಿಮಾನದವರು ಆ ಹಂತವನ್ನು ಕ್ರೂಸ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ನೇರ ವಿಮಾನ ಆರಂಭಿಸಿತು. ಮೊದಲ ಹಾರಾಟದ ಪೈಲಟ್‌ಗಳೆಲ್ಲ ಹೆಂಗಸರೇ ಎಂಬುದು ಆಗ ಸುದ್ದಿಯಾಗಿತ್ತು. ಅದು ಬೋಯಿಂಗ್ 777ರ ದೂರಹಾರಿ ಮಾದರಿ, ಪ್ರಯಾಣ ಹದಿನಾರು ಹದಿನೇಳು ಗಂಟೆ. ಈ ಸಭೆಯಲ್ಲೇ ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಕ್ಯಾಲಿಫೋರ್ನಿಯಕ್ಕೆ ಹೋಗಿಬಂದವರು ಎಷ್ಟೋ ಮಂದಿ ಇರಬಹುದು. ಅಷ್ಟು ಹೊತ್ತಿನಲ್ಲಿ ಟೇಕಾಫ್ ಗದ್ದಲ ಒಂದೆರಡು ನಿಮಿಷದ್ದು. ಮಿಕ್ಕಿದ್ದೆಲ್ಲ ಕ್ರೂಸಿನ ಸದ್ದು.

ಇಲ್ಲಿ ಒಂದು ಒಗಟಿದೆ. ಕ್ರೂಸಿನಲ್ಲಿ ಎಂಜಿನ್ ಕೊಡುವ ನೂಕುಬಲ ಟೇಕಾಫ್ ಸಮಯದ್ದರ ಐದನೇ ಒಂದು ಭಾಗದ ಆಸುಪಾಸು. ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಕಾಲುಭಾಗಕ್ಕಿಂತಲೂ ಕಡಿಮೆ. ಎಂಜಿನ್ ಕಡಿಮೆ ದುಡಿಯುತ್ತಿದೆ, ಸದ್ದನ್ನು ಹೊರುವ ಗಾಳಿಯೂ ತೆಳ್ಳಗಾಗಿದೆ. ಲೆಕ್ಕದ ಪ್ರಕಾರ ಒಳಗೆ ನೆಮ್ಮದಿ ಇರಬೇಕಿತ್ತು. ಆದರೆ ರೆಕ್ಕೆಯಿಂದ ಹಿಂದಿನ ಸಾಲುಗಳಲ್ಲಿ ಕೂತವರು ಪಕ್ಕದವರೊಡನೆ ಮಾತಾಡಲು ದನಿ ಎತ್ತಬೇಕಾಗುತ್ತದೆ. ಟೇಕಾಫ್ ಗದ್ದಲದಲ್ಲಿ ಉಳಿದುಕೊಂಡ ಪಾಲೇ ಕ್ರೂಸಿನ ಸದ್ದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದರ ಮುಖ್ಯ ಭಾಗವೊಂದು ನೆಲದ ಮೇಲೆ ಹುಟ್ಟುವುದೇ ಇಲ್ಲ. ತೆಳುಗಾಳಿಗೆ ಹೋದ ಮೇಲೆಯೇ ಹುಟ್ಟುತ್ತದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ. ಉಳಿದದ್ದು ಅದರ ಏಕೆ, ಹೇಗೆ, ಮತ್ತು ಯಾರೂ ಅದಕ್ಕೆ ಏಕೆ ಹೊಣೆಯಲ್ಲ ಎಂಬ ವಿವರ.

ಡೆಸಿಬೆಲ್ ಬಗ್ಗೆ ಎರಡು ಮಾತು ಸಾಕು. ಅದು ಗುಣಾಕಾರವನ್ನು ಕೂಡಿಕೆಯಾಗಿ ಬರೆಯುವ ಅಳತೆ. ಸದ್ದಿನ ಶಕ್ತಿ ಎರಡರಷ್ಟಾದರೆ 3 ಡೆಸಿಬೆಲ್ ಏರುತ್ತದೆ, ಹತ್ತರಷ್ಟಾದರೆ 10. ನಮ್ಮ ಕಿವಿಗೆ ಆ 10 ಡೆಸಿಬೆಲ್ ಏರಿಕೆ ಸುಮಾರು ಇಮ್ಮಡಿ ಜೋರು ಅನಿಸುತ್ತದೆ. ಆದ್ದರಿಂದ ಎಂಜಿನಿಯರುಗಳು ಎರಡು ಮೂರು ಡೆಸಿಬೆಲ್ ಇಳಿಸಿದೆವೆಂದು ಹಿಗ್ಗುವಾಗ ನಾವು ನಗಬಾರದು. ಅಷ್ಟನ್ನು ಇಳಿಸಲು ಸದ್ದಿನ ಶಕ್ತಿಯ ಅರ್ಧವನ್ನೇ ಎಲ್ಲೋ ಕಳೆದಿರುತ್ತಾರೆ.

ಈ ಶಾಸ್ತ್ರ ಆರಂಭವಾಗುವುದು ಮ್ಯಾಂಚೆಸ್ಟರಿನಲ್ಲಿ. ಜೇಮ್ಸ್ ಲೈಟ್‌ಹಿಲ್ ಎಂಬ ಗಣಿತಜ್ಞ 1952ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಅದೇ ವರ್ಷ ಕಾಮೆಟ್ ಎಂಬ ಜೆಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. ಲೈಟ್‌ಹಿಲ್ ಕೇಳಿದ ಪ್ರಶ್ನೆ ಸರಳ: ಗೋಡೆಯಿಲ್ಲ, ತಂತಿಯಿಲ್ಲ, ಅದುರುವ ಘನವಸ್ತು ಯಾವುದೂ ಇಲ್ಲ, ಬರೀ ಗಾಳಿ ಗಾಳಿಗೆ ಉಜ್ಜಿದರೆ ಸದ್ದು ಏಕೆ ಬರುತ್ತದೆ? ಗಾಳಿಯ ಚಲನೆಯ ಸಮೀಕರಣಗಳನ್ನು ಅವನು ಹೊಸದಾಗಿ ಜೋಡಿಸಿ ಬರೆದ. ಒಂದು ಬದಿಯಲ್ಲಿ ಶಬ್ದ ಹರಡುವ ಸಮೀಕರಣ, ಇನ್ನೊಂದು ಬದಿಯಲ್ಲಿ ಸುಳಿಗಳ ಗೊಂದಲವೇ ಶಬ್ದದ ಮೂಲವಾಗಿ ನಿಂತಿತು. ಅದರಿಂದ ಬಂದ ಫಲ ಬೆರಗು ಹುಟ್ಟಿಸುವಂಥದ್ದು. ಜೆಟ್ಟಿನಿಂದ, ಎಂದರೆ ಎಂಜಿನ್ನಿನ ಹಿಂದಿನಿಂದ ಚಿಮ್ಮುವ ಗಾಳಿಯಿಂದ, ಹೊರಡುವ ಶಬ್ದಶಕ್ತಿ ಅದರ ವೇಗದ ಎಂಟನೇ ಘಾತಕ್ಕೆ ಅನುಗುಣ. ವೇಗ ಅರ್ಧಕ್ಕಿಳಿದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲಾಗುತ್ತದೆ. (ಲೈಟ್‌ಹಿಲ್ ದೊಡ್ಡ ಈಜುಗಾರನೂ ಹೌದು. ಇಂಗ್ಲಿಷ್ ಕಡಲ್ಗಾಲುವೆಯ ಸಾರ್ಕ್ ದ್ವೀಪವನ್ನು ಈಜಿ ಸುತ್ತುವುದು ಅವನ ಹವ್ಯಾಸ. 1998ರಲ್ಲಿ, 74ನೇ ವಯಸ್ಸಿನಲ್ಲಿ, ಹಾಗೆ ಸುತ್ತುತ್ತಿರುವಾಗಲೇ ತೀರಿಕೊಂಡ. ಸುಳಿಗಳ ಶಾಸ್ತ್ರ ಬರೆದವನಿಗೆ ನೀರಿನ ಭಯವಿರಲಿಲ್ಲ.)

ಎಂಟನೇ ಘಾತದ ನಿಯಮದ ಬೆಲೆ ಏನೆಂದು ತಿಳಿಯಲು ಒಂದು ಲೆಕ್ಕ ಮಾಡೋಣ. ನೂಕುಬಲ ಅಷ್ಟೇ ಬೇಕು, ಜೆಟ್ಟಿನ ವೇಗ ಮಾತ್ರ ಅರ್ಧ ಆಗಬೇಕು. ನೂಕುಬಲ ವೇಗದ ವರ್ಗಕ್ಕೂ ಜೆಟ್ ಹೊರಬರುವ ಬಾಯಿಯ ವಿಸ್ತಾರಕ್ಕೂ ಅನುಗುಣವಾದ್ದರಿಂದ ಬಾಯಿಯನ್ನು ನಾಲ್ಕರಷ್ಟು ದೊಡ್ಡದು ಮಾಡಬೇಕು. ಸದ್ದು ಆಗ 4ನ್ನು 256ರಿಂದ ಭಾಗಿಸಿದಷ್ಟು, ಎಂದರೆ 64ರಲ್ಲಿ ಒಂದು ಪಾಲು. ಡೆಸಿಬೆಲ್‌ನಲ್ಲಿ 18ರ ಇಳಿಕೆ. ಕಡಿಮೆ ಗಾಳಿಯನ್ನು ರಭಸವಾಗಿ ಎಸೆಯುವ ಬದಲು ಬಹಳ ಗಾಳಿಯನ್ನು ನಿಧಾನವಾಗಿ ತಳ್ಳು ಎಂಬುದೇ ಇದರ ಪಾಠ. ಮುಂದಿನ ಅರವತ್ತು ವರ್ಷ ಎಂಜಿನ್ ತಯಾರಕರು ಮಾಡಿದ್ದು ಅದನ್ನೇ. ಎಂಜಿನ್ನಿನ ಉರಿಯುವ ಒಳಭಾಗದ ಮೂಲಕ ಹೋಗುವ ಗಾಳಿಗೂ, ಮುಂದಿನ ದೊಡ್ಡ ಫ್ಯಾನ್ ಹೊರಗಿನಿಂದಲೇ ಹಿಂದಕ್ಕೆ ತಳ್ಳುವ ಗಾಳಿಗೂ ಇರುವ ಪ್ರಮಾಣವನ್ನು ಬೈಪಾಸ್ ಅನುಪಾತ ಎನ್ನುತ್ತಾರೆ. ರೋಲ್ಸ್ ರಾಯ್ಸ್‌ನ ಕಾನ್‌ವೇ ಎಂಜಿನ್ನಿನಲ್ಲಿ ಅದು 0.3ರ ಸುಮಾರು ಇತ್ತು. 1970ರ ಜಂಬೊ ವಿಮಾನದ ಎಂಜಿನ್ನಿನಲ್ಲಿ 5. ಇವತ್ತು ಇಂಡಿಗೋದ ಎಷ್ಟೋ ಎ320 ನಿಯೋ ವಿಮಾನಗಳಿಗೆ ಜೋಡಿಸಿರುವ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನಿನಲ್ಲಿ 12ರ ಸುಮಾರು. ಇಂಧನದ ಉಳಿತಾಯಕ್ಕೆ ಮಾಡಿದ ಈ ಬದಲಾವಣೆ ಸದ್ದನ್ನೂ ತಗ್ಗಿಸಿತು. ಸದ್ದಿಗಾಗಿ ಮಾತ್ರವೇ ಇಷ್ಟು ದುಡ್ಡು ಸುರಿಯುತ್ತಿದ್ದರೇ ಎಂದು ನನಗೆ ಅನುಮಾನ.

ಲೈಟ್‌ಹಿಲ್‌ನ ನಿಯಮದಲ್ಲಿ ಬರುವ ವೇಗವನ್ನು ವಿಮಾನ ಹಾರುವಾಗ ಸುತ್ತಲ ಗಾಳಿಗೆ ಹೋಲಿಸಿ ಲೆಕ್ಕ ಹಾಕಬೇಕು. ನಿಂತ ವಿಮಾನದ ಜೆಟ್ ನಿಂತ ಗಾಳಿಗೆ ಉಜ್ಜುತ್ತದೆ. ಕ್ರೂಸಿನಲ್ಲಿ ಸುತ್ತಲ ಗಾಳಿಯೇ ವಿಮಾನದ ಪಕ್ಕದಲ್ಲಿ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿರುತ್ತದೆ. ಜೆಟ್ಟಿಗೂ ಗಾಳಿಗೂ ನಡುವಿನ ವ್ಯತ್ಯಾಸ ಕುಗ್ಗಿ, ಉಜ್ಜಾಟ ಕಡಿಮೆಯಾಗಿ, ಆ ಬಗೆಯ ಸದ್ದು ಬಹಳ ಇಳಿದುಬಿಡುತ್ತದೆ. ಹಾಗಾದರೆ ಹಿಂದಿನ ಸಾಲಿನ ಗದ್ದಲ ಯಾರದು?

ದಯವಿಟ್ಟು ಮೂರು ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮೊದಲನೆಯದು 1.89. ಕಿರಿದಾಗುತ್ತ ಹೋಗುವ ನಳಿಕೆಯೊಂದರ ಒಳಗಿನ ಒತ್ತಡ ಹೊರಗಿನದಕ್ಕಿಂತ 1.89 ಪಟ್ಟು ಆಗುವವರೆಗೆ ಗಾಳಿ ಶಬ್ದವೇಗಕ್ಕಿಂತ ಕಡಿಮೆ ವೇಗದಲ್ಲಿ ಹೊರಬರುತ್ತದೆ. ಹೊರಬರುವ ಹೊತ್ತಿಗೆ ಅದರ ಒತ್ತಡ ಹೊರಗಿನ ಒತ್ತಡಕ್ಕೆ ಸಮವಾಗಿರುತ್ತದೆ, ತಂಟೆಯಿಲ್ಲ. 1.89 ದಾಟಿದರೆ ನಳಿಕೆಯ ಬಾಯಲ್ಲಿ ಗಾಳಿ ಶಬ್ದವೇಗ ಮುಟ್ಟಿ ಅಲ್ಲಿಗೇ ಬಿಗಿದುಕೊಳ್ಳುತ್ತದೆ. ಹೆಚ್ಚುವರಿ ಒತ್ತಡ ಇನ್ನೂ ಒಳಗೆ ಉಳಿದಿರುವಾಗಲೇ ಗಾಳಿ ಹೊರಗೆ ಬೀಳುತ್ತದೆ.

ಎರಡನೆಯ ಅಂಕಿ 1.6. ಎಂಜಿನ್ನಿನ ಫ್ಯಾನ್ ತನ್ನ ಮೂಲಕ ಹೋಗುವ ಗಾಳಿಯ ಒತ್ತಡವನ್ನು ಸುಮಾರು ಇಷ್ಟು ಪಟ್ಟು ಏರಿಸುತ್ತದೆ ಎಂದಿಟ್ಟುಕೊಳ್ಳಿ. ಹೊಸ ಎಂಜಿನ್ನುಗಳಲ್ಲಿ ಇದು ಇನ್ನೂ ಕಡಿಮೆ. ರನ್‌ವೇಯಲ್ಲಿ ನಿಂತ ವಿಮಾನಕ್ಕೆ ಈ 1.6 ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು 1.89ಕ್ಕಿಂತ ಕಡಿಮೆ. ಫ್ಯಾನಿನ ಗಾಳಿ ಸಭ್ಯವಾಗಿ ಹೊರಡುತ್ತದೆ.

ಮೂರನೆಯ ಅಂಕಿಯೂ ಕಾಕತಾಳೀಯವಾಗಿ 1.6. ವಿಮಾನ ಶಬ್ದವೇಗದ 0.85ರಷ್ಟು ವೇಗದಲ್ಲಿ ಹಾರುವಾಗ ಎದುರಿನ ಗಾಳಿ ಎಂಜಿನ್ನಿನ ಬಾಯಿಗೆ ಬಂದು ತಡೆಯುವುದರಿಂದಲೇ ಅದರ ಒತ್ತಡ 1.6 ಪಟ್ಟಾಗುತ್ತದೆ. ಫ್ಯಾನ್ ಅದನ್ನು ಮತ್ತೆ 1.6 ಪಟ್ಟು ಏರಿಸುತ್ತದೆ. ಗುಣಿಸಿ: 2.56. ಹೊರಗಿನ ತೆಳುಗಾಳಿಗೆ ಹೋಲಿಸಿದರೆ ನಳಿಕೆಯ ಒಳಗಿನ ಒತ್ತಡ ಈಗ ಎರಡೂವರೆ ಪಟ್ಟು. 1.89ರ ಗೆರೆ ದಾಟಿಯಾಯಿತು. ನೆಲದ ಮೇಲೆ ಇಲ್ಲದ ಸಂಗತಿಯೊಂದು ಮೇಲೆ ಹುಟ್ಟಿಕೊಂಡಿತು. ಎಂಜಿನ್ ಅದೇ, ನೂಕುಬಲ ಕಡಿಮೆ, ಆದರೂ ಜೆಟ್ಟಿನ ಸ್ವಭಾವವೇ ಬೇರೆ.

ಹೆಚ್ಚು ಒತ್ತಡದ ಗಾಳಿ ಕಡಿಮೆ ಒತ್ತಡದ ಆಕಾಶಕ್ಕೆ ಬಿದ್ದಾಗ ಒಮ್ಮೆಲೇ ಉಬ್ಬುತ್ತದೆ. ಉಬ್ಬಿ ಉಬ್ಬಿ ಹೊರಗಿನದಕ್ಕಿಂತಲೂ ಒತ್ತಡ ಕಳೆದುಕೊಳ್ಳುತ್ತದೆ. ಆಗ ಸುತ್ತಲ ಗಾಳಿ ಅದನ್ನು ಹಿಂದಕ್ಕೆ ಅದುಮುತ್ತದೆ. ಆ ಅದುಮು ಅತಿಯಾಗಿ ಆಘಾತ ತರಂಗವಾಗುತ್ತದೆ, ಒತ್ತಡ ಮತ್ತೆ ಏರುತ್ತದೆ, ಮತ್ತೆ ಉಬ್ಬುತ್ತದೆ. ಹೀಗೆ ಜೆಟ್ಟಿನ ಉದ್ದಕ್ಕೂ ಒಂದರ ಹಿಂದೊಂದು ಆಘಾತಕೋಶಗಳ ಸಾಲು ನಿಲ್ಲುತ್ತದೆ. ಯುದ್ಧವಿಮಾನ ಕತ್ತಲಲ್ಲಿ ಏರುವಾಗ ಬಾಲದ ಬೆಂಕಿಯಲ್ಲಿ ವಜ್ರಾಕಾರದ ಬೆಳಕಿನ ತುಂಡುಗಳು ಕಾಣುವುದನ್ನು ಯಲಹಂಕದ ಏರ್‌ ಶೋದಲ್ಲಿ ನೀವು ನೋಡಿರಬಹುದು. ಪ್ರಯಾಣಿಕ ವಿಮಾನದ ಫ್ಯಾನ್ ಗಾಳಿಯಲ್ಲೂ ಅಂಥದೇ ಸಾಲು ಇರುತ್ತದೆ. ಬೆಂಕಿಯಿಲ್ಲವಾದ್ದರಿಂದ ಕಾಣುವುದಿಲ್ಲ, ಅಷ್ಟೇ.

ಕೋಶಗಳು ತಾವಾಗಿ ಸುಮ್ಮನೆ ನಿಂತಿದ್ದರೆ ಸದ್ದಿಲ್ಲ. ಆದರೆ ಜೆಟ್ಟಿನ ಅಂಚಿನಲ್ಲಿ ಹುಟ್ಟಿದ ದೊಡ್ಡ ಸುಳಿಗಳು ಹರಿದುಬಂದು ಈ ಕೋಶಗಳನ್ನು ಒಂದೊಂದಾಗಿ ಹಾಯುತ್ತವೆ. ಪ್ರತಿ ಹಾಯುವಿಕೆಯಲ್ಲೂ ಒಂದು ಸದ್ದು. ಒಂದೇ ಸುಳಿ ಸಾಲಾಗಿ ಹಲವು ಕೋಶ ದಾಟುವುದರಿಂದ ಈ ಸದ್ದುಗಳು ಕೆಲವು ದಿಕ್ಕುಗಳಲ್ಲಿ ಒಂದಕ್ಕೊಂದು ಕೂಡಿಕೊಂಡು ಬಲಗೊಳ್ಳುತ್ತವೆ. 1953ರಲ್ಲಿ ಸೌತಾಂಪ್ಟನ್‌ನ ಅಲನ್ ಪೊವೆಲ್ ಇದರ ಒಂದು ವಿಚಿತ್ರ ರೂಪವನ್ನು ವಿವರಿಸಿದ. ಕೋಶದಲ್ಲಿ ಹುಟ್ಟಿದ ಸದ್ದು ಹಿಂದಿರುಗಿ ನಳಿಕೆಯ ತುಟಿಯನ್ನು ತಟ್ಟಿ, ಅಲ್ಲಿ ಹೊಸ ಸುಳಿಯನ್ನು ಎಬ್ಬಿಸಿ, ಅದು ಮತ್ತೆ ಕೋಶಕ್ಕೆ ಬಂದು ಸದ್ದು ಮಾಡಿ, ಹೀಗೆ ತನ್ನನ್ನು ತಾನೇ ಕೆರಳಿಸಿಕೊಳ್ಳುವ ಚೀರಾಟ ಅದು. ಚೀರಾಟವಿಲ್ಲದ, ಹಲವು ಆವೃತ್ತಿಗಳಲ್ಲಿ ಹರಡಿಕೊಂಡ ಸಾಮಾನ್ಯ ರೂಪವನ್ನು 1973ರಲ್ಲಿ ಹಾರ್ಪರ್‌ಬೋರ್ನ್ ಮತ್ತು ಫಿಶರ್ ಲೆಕ್ಕಕ್ಕೆ ತಂದರು. ಅದಕ್ಕೆ ಮೂರು ವರ್ಷ ಮೊದಲೇ ಹೇ ಮತ್ತು ರೋಸ್ ಎಂಬಿಬ್ಬರು ವಿಸಿ10 ವಿಮಾನದಲ್ಲಿ, ನಿಜವಾದ ಹಾರಾಟದಲ್ಲಿ, ಆಘಾತಕೋಶದ ಸದ್ದನ್ನು ಅಳೆದು ವರದಿ ಮಾಡಿದ್ದರು. ಉಜ್ಜಾಟದ ಸದ್ದನ್ನು ವಿಮಾನದ ವೇಗ ತಗ್ಗಿಸುವಂತೆ ಈ ಸದ್ದನ್ನು ತಗ್ಗಿಸುವುದಿಲ್ಲ ಎಂಬುದು ನಮ್ಮ ಕತೆಯ ತಿರುಳು.

ಅದು ಹಿಂದಿನ ಸಾಲುಗಳನ್ನೇ ಏಕೆ ಹಿಡಿಯುತ್ತದೆ ಎಂಬುದಕ್ಕೂ ಉತ್ತರವಿದೆ. ಮೇಲೆ ಗಾಳಿ ಸೊನ್ನೆಗಿಂತ 54 ಡಿಗ್ರಿ ಕೆಳಗಿರುತ್ತದೆ. ಅಲ್ಲಿ ಶಬ್ದದ ವೇಗ ಸೆಕೆಂಡಿಗೆ 296 ಮೀಟರ್ ಮಾತ್ರ. ವಿಮಾನ ಸುಮಾರು 252 ಮೀಟರ್ ವೇಗದಲ್ಲಿ ಓಡುತ್ತಿದೆ. ಎಂಜಿನ್ ಹಿಂದಿನಿಂದ ಹೊರಟ ಸದ್ದು ವಿಮಾನದ ಮೂತಿಯ ಕಡೆಗೆ ಹೋಗಬೇಕಾದರೆ ವಿಮಾನವನ್ನು ಬೆನ್ನಟ್ಟಬೇಕು. ಅದಕ್ಕೆ ದಕ್ಕುವ ಮುನ್ನಡೆ ಸೆಕೆಂಡಿಗೆ 44 ಮೀಟರ್. ಇಪ್ಪತ್ತು ಮೀಟರ್ ಮುಂದಿನ ಸಾಲನ್ನು ಮುಟ್ಟಲು ಹೆಚ್ಚುಕಡಿಮೆ ಅರ್ಧ ಸೆಕೆಂಡ್ ಬೇಕು, ಅಷ್ಟರಲ್ಲಿ ವಿಮಾನ ನೂರು ಮೀಟರಿಗೂ ಮೀರಿ ಹೋಗಿರುತ್ತದೆ. ಹಿಂದಿನ ಸಾಲುಗಳಿಗಾದರೋ ಸದ್ದು ಹುಟ್ಟುವ ಜಾಗವೇ ನೆರೆಮನೆ. ದುಬಾರಿ ಸೀಟುಗಳು ಮುಂದಿರುವುದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಭೌತಶಾಸ್ತ್ರವೂ ಅಲ್ಲಿ ಕೂತವರ ಪರವಾಗಿದೆ.

ಪರಿಹಾರ ಬಂದದ್ದು ಗರಗಸದ ಹಲ್ಲಿನ ರೂಪದಲ್ಲಿ. ಬೋಯಿಂಗ್ 787ರ ಎಂಜಿನ್ ಹಿಂಬದಿಯ ಅಂಚನ್ನು ನಿಲ್ದಾಣದಲ್ಲಿ ಗಮನಿಸಿ ನೋಡಿ. ಅದು ನುಣುಪಾದ ವೃತ್ತವಲ್ಲ, ಸುತ್ತಲೂ ಹಲ್ಲು ಕೊರೆದ ಹಾಗಿದೆ. ಇವನ್ನು ಷೆವ್ರಾನ್ ಎನ್ನುತ್ತಾರೆ. ಪ್ರತಿ ಹಲ್ಲೂ ತನ್ನ ಅಂಚಿನಲ್ಲಿ ಹರಿವಿನ ಉದ್ದಕ್ಕೂ ಸುತ್ತುವ ಸಣ್ಣ ಸುಳಿಯೊಂದನ್ನು ಎಬ್ಬಿಸಿ ಒಳಗಿನ ಗಾಳಿಯನ್ನೂ ಹೊರಗಿನ ಗಾಳಿಯನ್ನೂ ಬೇಗ ಬೆರೆಸುತ್ತದೆ. ದೊಡ್ಡ ಸುಳಿಗಳು ಬಲಿಯಲು ಅವಕಾಶ ಸಿಗುವುದಿಲ್ಲ, ಆಘಾತಕೋಶಗಳ ಅಚ್ಚುಕಟ್ಟು ಸಾಲೂ ಕದಡುತ್ತದೆ. 1990ರ ದಶಕದಲ್ಲಿ ನಾಸಾ ಇದನ್ನು ಎಂಜಿನ್ ತಯಾರಕರೊಡನೆ ಕೈಗೆತ್ತಿಕೊಂಡಿತು. 2005ರ ಆಗಸ್ಟ್‌ನಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಗ್ಲ್ಯಾಸ್ಗೋದಲ್ಲಿ ಬೋಯಿಂಗ್ ಮತ್ತು ಜೊತೆಗಾರರು 777 ವಿಮಾನವೊಂದರ ಜಿಇ90 ಎಂಜಿನ್ನಿಗೆ ಇಂಥ ಹಲ್ಲುಗಳನ್ನು ಕಟ್ಟಿ ಹಾರಿಸಿದರು. ಅದರಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಬಾಗುವ ಹಲ್ಲುಗಳು. ನಿಕಲ್ ಮತ್ತು ಟೈಟೇನಿಯಂ ಸೇರಿಸಿದ, ಬಿಸಿ ತಾಗಿದರೆ ತನ್ನ ಹಳೆಯ ಆಕಾರ ನೆನೆದು ಬಾಗುವ ಮಿಶ್ರಲೋಹದಿಂದ ಅವನ್ನು ಚಲಿಸುವಂತೆ ಮಾಡಿದ್ದರು. ಏರುವಾಗಿನ ಸದ್ದಿಗೆ ಹಲ್ಲು ಒಂದು ಹದದಲ್ಲಿ ಬಾಗಿರಬೇಕು, ಕ್ರೂಸಿನ ಆಘಾತಕೋಶಗಳಿಗೆ ಬೇರೆ ಹದ. ಯಾವ ಹದದಲ್ಲಿ ಹಿಂದಿನ ಸಾಲಿನ ಮೈಕ್ರೊಫೋನು ಎಷ್ಟು ಶಾಂತವಾಗುತ್ತದೆ ಎಂದು ಆಕಾಶದಲ್ಲೇ ತಿರುಗಿಸಿ ನೋಡಿದರು. ಎರಡು ಸದ್ದುಗಳು ಬೇರೆ ಬೇರೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಡ.

ಮಾರಾಟಕ್ಕೆ ಬಂದ 787 ಮತ್ತು 747-8ರಲ್ಲಿ ಬಾಗುವ ಹಲ್ಲುಗಳಿಲ್ಲ, ಸ್ಥಿರವಾದವು ಮಾತ್ರ. ಅವೂ ಬಂದದ್ದು ಪ್ರಯಾಣಿಕರ ಮೇಲಿನ ಮಮತೆಯೊಂದರಿಂದಲೇ ಅಲ್ಲ. ಕ್ಯಾಬಿನ್ ಗೋಡೆಯೊಳಗೆ ತುಂಬಬೇಕಾಗಿದ್ದ ಶಬ್ದನಿರೋಧಕ ಹೊದಿಕೆಯಲ್ಲಿ ನೂರಾರು ಪೌಂಡ್ ತೂಕ ಉಳಿಯಿತು. ತೂಕ ಉಳಿದರೆ ಇಂಧನ ಉಳಿಯುತ್ತದೆ. ಆದರೆ ಹಲ್ಲುಗಳೂ ನೂಕುಬಲದಲ್ಲಿ ಅಲ್ಪಸ್ವಲ್ಪ ಸುಂಕ ವಸೂಲು ಮಾಡುತ್ತವೆ. ಆ ಸಣ್ಣ ನಷ್ಟವನ್ನೂ ಒಪ್ಪದ ವಿನ್ಯಾಸಕಾರರು ಹಲ್ಲಿಲ್ಲದ ಎಂಜಿನ್ನನ್ನೇ ಇಟ್ಟುಕೊಂಡಿದ್ದಾರೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ಆ 777ರ ಎಂಜಿನ್ನಿಗೂ ಹಲ್ಲುಗಳಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಂಜಿನ್ನಿನ ಹಿಂಭಾಗದ ಸದ್ದು. ಫ್ಯಾನಿನ ಅಲಗುಗಳ ಸದ್ದು ಮುಂಭಾಗದ ಕತೆ. ಅಲಗುಗಳ ತುದಿ ಶಬ್ದವೇಗ ಮೀರಿದಾಗ ಪ್ರತಿ ಅಲಗೂ ಒಂದು ಪುಟ್ಟ ಆಘಾತ ತರಂಗವನ್ನು ಮುಂದಕ್ಕೆ ಬಿಡುತ್ತದೆ. ಅಲಗುಗಳು ತೀರ ಏಕರೂಪವಾಗಿರಲು ಸಾಧ್ಯವಿಲ್ಲದ್ದರಿಂದ ಮರ ಕೊಯ್ಯುವ ಯಂತ್ರದಂಥ ಗೊರಗೊರ ಸದ್ದು ಬರುತ್ತದೆ. ಇದು ಏರುವಾಗ ಹೆಚ್ಚು, ಕ್ರೂಸಿನಲ್ಲಿ ಇಳಿಯುತ್ತದೆ. ಇದನ್ನು ಹೀರಲು ಎಂಜಿನ್ನಿನ ಬಾಯಿಯ ಒಳಗೋಡೆಗೆ ಜೇನುಗೂಡಿನ ಕೋಣೆಗಳ ಮೇಲೆ ಸಣ್ಣ ರಂಧ್ರಗಳ ತಗಡು ಹೊದಿಸುತ್ತಾರೆ. ಎ380ಯಲ್ಲಿ ಆ ಹೊದಿಕೆಯನ್ನು ಜೋಡಣೆಯ ಗೆರೆಯೇ ಇಲ್ಲದಂತೆ ಒಂದೇ ಸುತ್ತಾಗಿ ಮಾಡಿದ್ದು ದೊಡ್ಡ ಕುಶಲತೆ, ಏಕೆಂದರೆ ಗೆರೆಗಳೇ ಸದ್ದನ್ನು ಬೇರೆ ರೂಪಗಳಿಗೆ ಚೆದುರಿಸಿ ಪಾರುಮಾಡುತ್ತಿದ್ದವು. ಕೊಳವೆಗಳಲ್ಲಿ ಸದ್ದು ಹೇಗೆ ಸಾಗುತ್ತದೆ, ಗೋಡೆ ಅದನ್ನು ಹೇಗೆ ನುಂಗುತ್ತದೆ ಎಂಬ ಶಾಸ್ತ್ರಕ್ಕೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಲ್. ಮುಂಜಾಲ್ 1987ರಲ್ಲಿ ಬರೆದ ಗ್ರಂಥವನ್ನು ಜಗತ್ತಿನೆಲ್ಲೆಡೆ ಓದುತ್ತಾರೆ. ಅದರಲ್ಲಿ ಹೆಚ್ಚಿನ ಮಾತು ಮೋಟಾರಿನ ಸೈಲೆನ್ಸರ್‌ಗಳದ್ದಾದರೂ ವಿಮಾನದ ಎಂಜಿನ್ ಕೂಡ ಒಂದು ಕೊಳವೆಯೇ.

ಇನ್ನೊಂದು ಸದ್ದು ಗಾಳಿಯ ಮೂಲಕ ಬರುವುದೇ ಇಲ್ಲ. ತಿರುಗುವ ಭಾಗಗಳ ಅತಿಸಣ್ಣ ಅಸಮತೋಲನ ಎಂಜಿನ್ ಹಿಡಿಕೆ, ರೆಕ್ಕೆ, ಒಡಲು ಹಾದು ನೆಲದ ಹಲಗೆಯಲ್ಲಿ ಗುಂಯ್‌ಗುಡುತ್ತದೆ. ಎರಡು ಎಂಜಿನ್ನುಗಳ ವೇಗ ಕೂದಲೆಳೆಯಷ್ಟು ಬೇರೆಯಾಗಿದ್ದರೆ ಶ್ರುತಿ ಕೂಡದ ಎರಡು ತಂಬೂರಿಗಳ ನಡುವೆ ಕೇಳುವಂಥ ಅಲೆ ಏಳುತ್ತದೆ: ಏರುತ್ತ, ಇಳಿಯುತ್ತ, ಮತ್ತೆ ಏರುತ್ತ. ಪೈಲಟ್ ಅಥವಾ ಕಂಪ್ಯೂಟರ್ ಎರಡರ ವೇಗವನ್ನೂ ಸರಿಹೊಂದಿಸಿದರೆ ಅಲೆ ನಿಲ್ಲುತ್ತದೆ. ಸಂಗೀತ ಬಲ್ಲವರು ಇದನ್ನು ಬೇಗ ಗುರುತಿಸುತ್ತಾರೆ, ಅವರಿಗೆ ಕಿರಿಕಿರಿಯೂ ಬೇಗ.

ಈಗ ಎಂಜಿನ್ ಎಷ್ಟೇ ಮೌನವಾಯಿತೆಂದು ಇಟ್ಟುಕೊಂಡರೂ ಉಳಿಯುವ ಸದ್ದಿಗೆ ಬರೋಣ. ವಿಮಾನದ ಮೈಗೆ ಅಂಟಿಕೊಂಡು ಹರಿಯುವ ಗಾಳಿಯ ಪದರವನ್ನು ಗಡಿಪದರ ಎನ್ನುತ್ತಾರೆ. ಮೂತಿಯ ಬಳಿ ಅದು ತೆಳು, ಹಿಂದೆ ಹೋಗುತ್ತ ದಪ್ಪವಾಗುತ್ತದೆ. ಅದರೊಳಗಿನ ಸುಳಿಗಳು ಒಡಲಿನ ತಗಡನ್ನು ಬಡಿಯುತ್ತಲೇ ಇರುತ್ತವೆ. ಹೊರಮೈಯಲ್ಲಿ ಈ ಒತ್ತಡದ ಏರಿಳಿತ ಸುಮಾರು 130 ಡೆಸಿಬೆಲ್ ಮಟ್ಟದ್ದು. ಒಳಗೆ ಕೂತ ನಮಗೆ 80ರ ಆಸುಪಾಸು ಕೇಳುತ್ತದೆ ಎಂದರೆ ಕೆಲವೇ ಮಿಲಿಮೀಟರ್ ದಪ್ಪದ ತಗಡು, ಗಾಜುನಾರಿನ ಹೊದಿಕೆ, ಪ್ಲಾಸ್ಟಿಕ್ ಗೋಡೆ ಮೂರೂ ಸೇರಿ ಎಷ್ಟು ದುಡಿಯುತ್ತಿವೆ ನೋಡಿ.

ಈ ಗಡಿಪದರದ ಬಗ್ಗೆ ಬೆಂಗಳೂರಿನಿಂದ ಒಂದು ಮಹತ್ವದ ಮಾತು ಹೊರಟಿದೆ. 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ನರಹರಿ ರಾವ್, ರೊದ್ದಂ ನರಸಿಂಹ ಮತ್ತು ಎಂ.ಎ. ಬದರಿನಾರಾಯಣನ್ ಜರ್ನಲ್ ಆಫ್ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗಡಿಪದರದಲ್ಲಿ ಗೋಡೆಯ ಬಳಿಯ ಹರಿವು ಆಗಾಗ ಸಿಡಿದು ಮೇಲೇಳುತ್ತದೆ. ಆ ಸಿಡಿತಗಳ ನಡುವಿನ ಕಾಲವನ್ನು ಗೋಡೆಯ ಬಳಿಯ ಪರಿಸ್ಥಿತಿ ನಿರ್ಧರಿಸುತ್ತದೆ ಎಂದು ಆಗ ಬಹುಪಾಲು ಜನ ನಂಬಿದ್ದರು. ಇವರು ಅಳೆದು, ಇಡೀ ಪದರದ ದಪ್ಪವೂ ಹೊರಗಿನ ಹರಿವಿನ ವೇಗವೂ ಅದನ್ನು ನಿರ್ಧರಿಸುತ್ತವೆ ಎಂದರು. ವಿಮಾನದ ಸದ್ದನ್ನು ಕುರಿತು ಅವರು ಬರೆಯಲಿಲ್ಲ. ಆದರೂ ಆ ಮಾತನ್ನು ಕೈಯಲ್ಲಿ ಹಿಡಿದು ವಿಮಾನದ ಉದ್ದಕ್ಕೆ ನಡೆದರೆ, ಪದರ ದಪ್ಪವಾಗುತ್ತ ಹೋದಂತೆ ಬಡಿತ ನಿಧಾನವಾಗಿ ಸದ್ದು ತಗ್ಗುಸ್ವರಕ್ಕೆ ಇಳಿಯಬೇಕು. ಮುಂದಿನ ಸಾಲಿನ ಸುಯ್ ಹಿಂದಿನ ಸಾಲಿನಲ್ಲಿ ಭೋರ್ ಆಗುವುದರಲ್ಲಿ ಇದರ ಪಾಲೂ ಇದೆ ಎಂಬುದು ನನ್ನ ಓದು.

ಈ ಸದ್ದನ್ನು ತಡೆಯಲು ಕ್ಯಾಬಿನ್ ಗೋಡೆಯ ತೂಕವನ್ನು ಇಮ್ಮಡಿಸಿದರೆ ಹೆಚ್ಚೆಂದರೆ 6 ಡೆಸಿಬೆಲ್ ಇಳಿಯುತ್ತದೆ. ವಿಮಾನದಲ್ಲಿ ಆ ದಾರಿ ಮುಚ್ಚಿದಂತೆಯೇ. ತಗ್ಗುಸ್ವರಗಳ ವಿಷಯದಲ್ಲಿ ಹೊದಿಕೆಗಳು ಇನ್ನೂ ದುರ್ಬಲ. ಹಾಗಾದರೆ ಸದ್ದಿಗೆ ಎದುರು ಸದ್ದನ್ನೇ ಬಿಟ್ಟರೆ? ಜರ್ಮನಿಯ ಪಾಲ್ ಲ್ಯೂಗ್ 1930ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹುಬ್ಬಳ್ಳಿ, ಬೆಳಗಾವಿಗಳಿಗೆ ಹಾರುತ್ತಿದ್ದ ಕ್ಯೂ400 ವಿಮಾನದ ಹೆಸರಿನಲ್ಲಿರುವ ಕ್ಯೂ ಅಕ್ಷರ ಈ ಎದುರುಸದ್ದಿನ ವ್ಯವಸ್ಥೆಯ ಗುರುತು. ಅದರ ಪ್ರೊಪೆಲ್ಲರಿಗೆ ಆರು ಅಲಗು, ಕ್ರೂಸಿನಲ್ಲಿ ನಿಮಿಷಕ್ಕೆ 850 ಸುತ್ತು. ಎಂದರೆ ಸೆಕೆಂಡಿಗೆ 85 ಬಾರಿ ಬಡಿಯುವ ಒಂದೇ ಸ್ವರ, ಅದರ ತರಂಗಾಂತರ ನಾಲ್ಕು ಮೀಟರ್. ಇಷ್ಟು ಉದ್ದದ, ಇಷ್ಟು ನಿಯತವಾದ ಅಲೆಯನ್ನು ಎದುರಲೆಯಿಂದ ಅಳಿಸಬಹುದು. ಜೆಟ್ಟಿನ ಸದ್ದು ನಿಯತವಲ್ಲ, ಹಲವು ಆವೃತ್ತಿಗಳ ಕಲಸುಮೇಲೋಗರ. ಎದುರುಸದ್ದು ಫಲಿಸುವ ಜಾಗ ತರಂಗಾಂತರದ ಹತ್ತನೇ ಒಂದು ಪಾಲಿನಷ್ಟು ಮಾತ್ರ. ಸಾವಿರ ಹರ್ಟ್ಸ್‌ಗೆ ಅದು ಮೂರೂವರೆ ಸೆಂಟಿಮೀಟರೂ ಇಲ್ಲ. ಇಡೀ ಕ್ಯಾಬಿನ್ನಿಗೆ ಆಗದ್ದು ಒಂದು ಕಿವಿಗೆ ಆಗುತ್ತದೆ. ಬಂಗಾಳದಿಂದ ಅಮೆರಿಕಕ್ಕೆ ಹೋದವರ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಮರಳುವ ವಿಮಾನದಲ್ಲಿ ಸಂಗೀತ ಕೇಳಲಾರದೆ ಬೇಸತ್ತು, ಅಲ್ಲೇ ಕೂತು ಇದರ ಲೆಕ್ಕ ಶುರುಮಾಡಿದರು. ಪೈಲಟ್‌ಗಳಿಗೆ ಎದುರುಸದ್ದಿನ ಹೆಡ್‌ಸೆಟ್ ಮಾರಾಟಕ್ಕೆ ಬರಲು 1989 ಆಯಿತು.

ಶಾಂತಿಗೂ ತನ್ನದೇ ತೊಡಕುಗಳಿವೆ. ಎ380 ಬಂದ ಹೊಸತರಲ್ಲಿ ಕೊಲ್ಲಿ ದೇಶದ ಏರ್‌ಲೈನ್ ಒಂದರ ಪೈಲಟ್‌ಗಳು ವಿಮಾನ ತೀರ ನಿಶ್ಶಬ್ದವಾಗಿದೆ, ವಿಶ್ರಾಂತಿ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ ಎಂದು ದೂರಿದರು. ಎಂಜಿನ್ನಿನ ಸದ್ದು ಇಳಿದು ಮಕ್ಕಳ ಅಳು, ಶೌಚಾಲಯದ ಫ್ಲಷ್ ಎಲ್ಲ ಕೇಳಿಸತೊಡಗಿತ್ತು. ಸಮನಾದ ಗದ್ದಲ ನಮಗೆ ಒಂದು ಪರದೆಯೂ ಆಗಿದೆ. ಹಾಗೆಂದು ಆ ಪರದೆಯನ್ನು ಹೊಗಳಲು ನಾನು ಸಿದ್ಧನಿಲ್ಲ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಜನರಿಗೆ ವಿಮಾನದ ಒಳಗಿನಂಥ 85 ಡೆಸಿಬೆಲ್ ಸದ್ದು ಕೇಳಿಸುತ್ತ ರುಚಿ ನೋಡಿಸಿದರು. ಸಿಹಿ ಮಂಕಾಯಿತು, ಟೊಮೆಟೊದಲ್ಲಿರುವಂಥ ಉಮಾಮಿ ರುಚಿ ಏರಿತು. ವಿಮಾನದ ಕೇಸರಿಬಾತ್ ಸಪ್ಪೆ ಅನಿಸಿದರೆ ತಪ್ಪು ಪೂರ್ತಿಯಾಗಿ ಅಡುಗೆಯವರದಲ್ಲ.

ಕಾನೂನು ಏನೆನ್ನುತ್ತದೆ? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1971ರಲ್ಲಿ ವಿಮಾನದ ಸದ್ದಿಗೆ ಮಿತಿ ಹಾಕಿತು. ಮುಂದೆ ಅದನ್ನು ಹಲವು ಸಲ ಬಿಗಿ ಮಾಡಿತು. ಆ ಅಳತೆ ನಡೆಯುವುದು ಮೂರು ಜಾಗಗಳಲ್ಲಿ: ಇಳಿಯುವ ದಾರಿಯಲ್ಲಿ ರನ್‌ವೇ ಅಂಚಿಗೆ 2,000 ಮೀಟರ್ ಮೊದಲು, ಏರುವಾಗ ಓಟ ಆರಂಭಿಸಿದ ಜಾಗದಿಂದ 6,500 ಮೀಟರ್ ಮುಂದೆ, ಮತ್ತು ರನ್‌ವೇ ಪಕ್ಕಕ್ಕೆ 450 ಮೀಟರ್ ದೂರದಲ್ಲಿ. ಮೂರೂ ನೆಲದ ಮೇಲೆ, ಮೂರೂ ನಿಲ್ದಾಣದ ಬಳಿ. ಕ್ರೂಸಿನಲ್ಲಿ ಒಳಗಿನ ಸದ್ದು ಇಷ್ಟೇ ಇರಬೇಕೆಂಬ ಮಿತಿ ಆ ಅಳತೆಯ ಮೇಲೆ ಕೊಡುವ ಪ್ರಮಾಣಪತ್ರದಲ್ಲಿಲ್ಲ. ಅಲ್ಲೇ ದಿನಗಟ್ಟಲೆ ದುಡಿಯುವ ಕ್ಯಾಬಿನ್ ಸಿಬ್ಬಂದಿಗೆ ಕಾರ್ಖಾನೆ ಕೆಲಸಗಾರರಿಗಿದ್ದ ಶ್ರವಣರಕ್ಷಣೆಯ ನಿಯಮಗಳು ಅನ್ವಯಿಸುತ್ತವೆ ಎಂದು ಅಮೆರಿಕದ ವಿಮಾನಯಾನ ಆಡಳಿತ ಒಪ್ಪಿದ್ದು 2013ರಲ್ಲಿ. ಪ್ರಯಾಣಿಕನಿಗೆ ಅದೂ ಇಲ್ಲ. ಸೀಟಿನ ಅಗಲವನ್ನೂ ಕಾಲು ಚಾಚುವ ಅಂತರವನ್ನೂ ಜಾಹೀರಾತಿನಲ್ಲಿ ಅಚ್ಚು ಹಾಕುವವರು ಯಾವ ಸಾಲಿನಲ್ಲಿ ಎಷ್ಟು ಡೆಸಿಬೆಲ್ ಎಂಬುದನ್ನು ಹೇಳುವುದಿಲ್ಲ. ವಿಮಾನ ತಯಾರಕರ ಕಪಾಟಿನಲ್ಲಿ ಆ ಅಂಕಿ ಇದ್ದೇ ಇದೆ. ಮಿತಿ ಹಾಕಿ ಎಂದು ನಾನು ಕೇಳುತ್ತಿಲ್ಲ, ಪ್ರಕಟಿಸಿ ಎನ್ನುತ್ತೇನೆ. ಸಾಲಿಗೊಂದು ಬೆಲೆ ಕಟ್ಟಲು ಬರುವವರಿಗೆ ಸಾಲಿಗೊಂದು ಅಂಕಿ ಬರೆಯುವುದು ಕಷ್ಟವಾಗಬಾರದು.

ಕೊನೆಯದಾಗಿ, ಮತ್ತೆ ಆ 1.89. ಎದುರುಗಾಳಿಯಿಂದ ಬರುವ 1.6ರಿಂದ ಅದನ್ನು ಭಾಗಿಸಿದರೆ 1.18 ಸಿಗುತ್ತದೆ. ಫ್ಯಾನ್ ಒತ್ತಡವನ್ನು 1.18 ಪಟ್ಟಿಗಿಂತ ಕಡಿಮೆ ಏರಿಸಿದರೆ ಕ್ರೂಸಿನಲ್ಲಿ ಅದರ ಗಾಳಿಗೆ ಆಘಾತಕೋಶಗಳೇ ಇರುವುದಿಲ್ಲ, ಹಲ್ಲುಗಳೂ ಬೇಡ. ಆದರೆ ಅಷ್ಟು ಮೆಲ್ಲಗೆ ತಳ್ಳುವ ಫ್ಯಾನ್ ಎಷ್ಟು ದೊಡ್ಡದಾಗಬೇಕೆಂದರೆ ಅದರ ಸುತ್ತ ಕವಚ ಕಟ್ಟುವುದೇ ಭಾರವಾಗುತ್ತದೆ. ಕವಚ ತೆಗೆದುಬಿಡಿ ಎನ್ನುವವರಿದ್ದಾರೆ. 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಬೋಯಿಂಗ್ 727ಕ್ಕೆ ಕವಚವಿಲ್ಲದ ಫ್ಯಾನ್ ಕಟ್ಟಿ ಹಾರಿಸಿತ್ತು. ಇಂಧನದ ಬೆಲೆ ಇಳಿದು ಆ ಕೆಲಸ ನಿಂತುಹೋಯಿತು. 2021ರಲ್ಲಿ ಸಿಎಫ್‌ಎಂ ಕಂಪನಿ ಅದೇ ಆಸೆಯನ್ನು ರೈಸ್ ಎಂಬ ಹೆಸರಿನಲ್ಲಿ ಮತ್ತೆ ಎತ್ತಿಕೊಂಡಿದೆ. ಐದನೇ ಒಂದು ಪಾಲು ಇಂಧನ ಉಳಿಸುವ ಗುರಿ.

ಕವಚವಿಲ್ಲದಿದ್ದರೆ ಜೇನುಗೂಡಿನ ಹೊದಿಕೆಯೂ ಇಲ್ಲ. ಅಲಗುಗಳ ಸ್ವರ ನೇರವಾಗಿ ಒಡಲಿಗೆ ಬಡಿಯುತ್ತದೆ, ಕೆಳಗೂ ಇಳಿಯುತ್ತದೆ. 1987ರಲ್ಲಿ ನಾಸಾ ಇಂಥ ದೊಡ್ಡ ಅಲಗುಗಳ ಪ್ರೊಪೆಲ್ಲರನ್ನು ಎತ್ತರದಲ್ಲಿ ಹಾರಿಸಿ, ನೆಲದಲ್ಲಿ ಮೈಕ್ರೊಫೋನು ಇಟ್ಟು ಕೇಳಿಸಿಕೊಂಡದ್ದು ಈ ಅನುಮಾನದಿಂದಲೇ. ಈಗಿನ ಅಲಗುಗಳ ವಿನ್ಯಾಸ ಬಹಳ ಸುಧಾರಿಸಿದೆ, ಕಂಪ್ಯೂಟರಿನ ಬಲವೂ ಬೇರೆ. ಹಾಗಿದ್ದರೂ ಅವು ಸಾವಿರಾರು ಸಂಖ್ಯೆಯಲ್ಲಿ ಹಾರತೊಡಗುವ ಮೊದಲು ಒಂದು ಕೆಲಸ ಆಗಬೇಕು. ನಿಲ್ದಾಣದ ಬಳಿಯ ಆ ಮೂರು ಮೈಕ್ರೊಫೋನುಗಳ ಜೊತೆಗೆ ನಾಲ್ಕನೆಯದೊಂದು ನಿಲ್ದಾಣದಿಂದ ದೂರ, ವಿಮಾನದ ದಾರಿಯ ಕೆಳಗಿನ ಹೊಲದಲ್ಲಿ, ಐದನೆಯದೊಂದು ಹಿಂದಿನ ಸಾಲಿನ ಸೀಟಿನಲ್ಲಿ ಇರಬೇಕು. ಹೊಸ ಎಂಜಿನ್ನಿಗೆ ಪ್ರಮಾಣಪತ್ರ ಬರೆಯುವ ನಿಯಮಗಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದನ್ನು ಕೇಳಬೇಕು. ವಿಮಾನಗಳು ಮಾರಾಟವಾದ ಮೇಲೆ ಕೇಳಿದರೆ ಉತ್ತರ ಬರಲು ಮೂವತ್ತು ವರ್ಷ ಹಿಡಿಯುತ್ತದೆ, ಏಕೆಂದರೆ ಒಂದು ವಿಮಾನ ಬಾಳುವುದು ಹೆಚ್ಚುಕಡಿಮೆ ಅಷ್ಟು ಕಾಲ.